ಗುಬ್ಬಿ ಆಚೆ ನಮ್ಮ ಕ್ಯಾಂಪು

ಸದಾಶಿವನಗರ

ಇದು ಫಾರಿನ್ ಪ್ರವಾಸ ಕಥನ ಆಗಬೇಕಿತ್ತು. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯುತ್ತಾ, ಕತ್ತಲಾದರೆ ಟೆಂಟು ಬಿಚ್ಚಿ ಮಲಗುತ್ತಾ, ಅಲ್ಲಿನ ವಸಂತ ಹೀಗಿತ್ತು ಹಾಗಿತ್ತು ಅಂತ ಬರೆದು ನಿಮ್ಮೆಲ್ಲರ ಹೊಟ್ಟೆ ಉರಿಸಬೇಕು ಅಂತ ನಾನು ಮೊದಲ ಸಾಲನ್ನೂ ಯೋಚಿಸಿ ಇಟ್ಟುಕೊಂಡಿದ್ದೆ. ಆದರೆ ನಾನು ನೋಡಿಕೊಂಡು ಬಂದ ದೇಶಗಳು ಗುಬ್ಬಿ, ಕುಣಿಗಲ್ ಮತ್ತು ಹುಲಿಯೂರುದುರ್ಗ. ಪಾಸ್‌ಪೋರ್ಟನ್ನು ಮಾತ್ರ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆವು. ಅಭ್ಯಾಸ ಆಗಲಿ ಅಂತ ಮಂಗಳಕ್ಕನ ಹಟ. ದಾರಿಯಲ್ಲಿ ಯಾರೂ ಕೇಳಲಿಲ್ಲ.

ಮಂಗಳಕ್ಕ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ತುಮಕೂರಿನ ಸದಾಶಿವನಗರದ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ. ಓರಗಿತ್ತಿಯರು ಅಂದರೆ ಒಬ್ಬರ ಪಾಯಸಕ್ಕೆ ಇನ್ನೊಬ್ಬರು ಉಪ್ಪು ಸುರಿಯುವವರು ಅಂತ ಟಿವಿ ಧಾರಾವಾಹಿಗಳು ಲೋಕವನ್ನು ನಂಬಿಸಿವೆ. ನಾವಿಬ್ಬರು ಸೇರಿದರೆ ಹಲ್ಲು ಕಿರಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಅಕ್ಕ ಮುಂದಿನ ರೂಮಿನಲ್ಲಿ ಬ್ಲೌಸ್ ಹೊಲಿಯುತ್ತಾರೆ, ಮದುವೆ ಸೀಸನ್ನಿನಲ್ಲಿ ಅವರ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಷ್ಟು ದುಡಿಯುವ ಹೆಂಗಸು ಏನು ಮಾಡಬೇಕಾದರೂ ಭಾವನನ್ನು ಕೇಳಿಯೇ ಮಾಡುವುದು. ತವರಿಗೆ ಹೋಗಲಾ, ಫ್ರಿಜ್ ಬದಲಾಯಿಸಲಾ, ಕೂದಲಿಗೆ ಬಣ್ಣ ಹಾಕಲಾ. ಇದು ಹೆದರಿಕೆಯೇನಲ್ಲ. ಮದುವೆಯಾದ ದಿನದಿಂದ ಬಂದ ರೂಢಿ ಅಷ್ಟೆ.

ಒಂದು ದಿನ ಮಧ್ಯಾಹ್ನ ಅಕ್ಕ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ತಲೆ ಪೂರ್ತಿ ಬೆಳ್ಳಗಾದ ಇಬ್ಬರು ವಿದೇಶಿ ಅಜ್ಜಿಯರು ಡ್ಯಾನ್ಯೂಬ್ ನದಿಯ ಪಕ್ಕ ಸೈಕಲ್ ನಿಲ್ಲಿಸಿ, ಟೆಂಟಿನ ಮುಂದೆ ಕಾಫಿ ಕುಡಿಯುತ್ತಾ ಕೂತಿದ್ದಾರೆ. ಅಕ್ಕ ಅದನ್ನು ಎಷ್ಟು ಸಲ ನೋಡಿದ್ದರೋ, ಅಜ್ಜಿಯರ ಮಾತು ಬಾಯಿಪಾಠವಾಗಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ. ನೋಡಿ ಮುಗಿಸಿ ಕೇಳಿದರು, "ಇವ್ರು ಯಾರನ್ನ ಕೇಳಿ ಹೊರಟಿರಬೋದು ಕಣೇ ಶೈಲ?"

ಆವತ್ತೇ ನಾವು ಹೋಗುವುದು ಅಂತ ತೀರ್ಮಾನವಾಯಿತು. ಅಂದರೆ, ಭಾವನನ್ನು ಕೇಳುವುದು ಅಂತ ತೀರ್ಮಾನವಾಯಿತು.

ಭಾವನದು ಹಾರ್ಡ್‌ವೇರ್ ಅಂಗಡಿ. ಒಳ್ಳೆಯವರು, ಆದರೆ ಮೊಳೆ ಹೊಡೆದ ಹಾಗೆ ಮಾತಾಡುತ್ತಾರೆ, ಆಡಿದ ಮೇಲೆ ಕೀಳುವುದಿಲ್ಲ. ಊಟದ ಮಧ್ಯೆ ವಿಷಯ ಕೇಳಿ ನೀರು ನೆತ್ತಿಗೇರಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಷರತ್ತು ಬಂತು. "ಮೊದ್ಲು ಗುಬ್ಬಿ, ಕುಣಿಗಲ್ ಸುತ್ಕಂಡು ಹುಲಿಯೂರುದುರ್ಗ ಮುಟ್ಕಂಡ್ ಬನ್ನಿ. ಟೆಂಟಲ್ಲೇ ಮಲಗ್ಬೇಕು. ಬಂದ್ರೆ ಫಾರಿನ್ನಿಗೆ ನಾನೇ ಕಳಿಸ್ತೀನಿ. ಮಧ್ಯದಲ್ಲಿ ಕಾರ್ ತಗೊಂಡ್ ಬನ್ನಿ ಅಂತ ಫೋನ್ ಬಂತೋ, ಮುಗೀತು. ಆಮೇಲೆ ಈ ಮನೇಲಿ ಆ ಮಾತು ಎತ್ತಂಗಿಲ್ಲ."

ನನ್ನ ಗಂಡ ತಟ್ಟೆ ನೋಡುತ್ತಾ ನಕ್ಕರು. ಇವರಿಬ್ಬರು ಗುಬ್ಬಿ ತಲುಪುವುದಿಲ್ಲ ಅನ್ನುವುದು ಅಣ್ಣತಮ್ಮಂದಿರ ಲೆಕ್ಕ.

ಗುಬ್ಬಿ

ಯುಗಾದಿ ಕಳೆದ ಮೇಲೆ, ಕಾಲೇಜಿಗೆ ರಜೆ ಸಿಕ್ಕ ತಕ್ಷಣ ಹೊರಟೆವು. ಅಕ್ಕ ಹುಟ್ಟಿದ ಮೇಲೆ ಮೊದಲ ಸಲ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬೀದಿಗೆ ಬಂದಿದ್ದರು. ಹಣೆ ತುಂಬ ವಿಭೂತಿ, ಅದರ ಮೇಲೆ ಹೆಲ್ಮೆಟ್ಟು, ಲಿಂಗದ ಬೆಳ್ಳಿ ಕರಡಿಗೆ ಟೀ ಶರ್ಟಿನ ಒಳಗೆ. ಪಕ್ಕದ ಮನೆಯವರು ಗೇಟಿಗೆ ಬಂದು ನಿಂತರು. ಅಕ್ಕ ಬೆಲ್ಲು ಹೊಡೆದೇ ಹೊಡೆದರು, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ.

ಹೆದ್ದಾರಿ ಬಿಟ್ಟು ಹಳ್ಳಿಗಳ ದಾರಿ ಹಿಡಿದೆವು. ಅಬ್ಬಾ, ಹೊಂಗೆ ಮರಗಳ ಚಿಗುರು ಏನು ಹಸಿರು! ದಾರಿ ಪೂರ್ತಿ ಹೊಂಗೆ ಹೂವು ಉದುರಿ ನೆಲ್ಲಕ್ಕಿ ಚೆಲ್ಲಿದಂತಿತ್ತು. ಬೇವಿನ ಹೂವಿನ ವಾಸನೆಗೆ ನನಗೆ ಸೀನು, ಅಕ್ಕನಿಗೆ ಹಾಡು. "ಕಣ್ಣಿಗೆ ಹಬ್ಬ ಕಣೇ, ಕಣ್ಣಿಗೆ ಹಬ್ಬ" ಅಂತ ಅವರು ಅದನ್ನೇ ಹೇಳುತ್ತಿದ್ದರು. ಬೇಲಿಯಾಚೆ ಬಾಗಿದ್ದ ಮಾವಿನಕಾಯಿ ಕಿತ್ತರು, ಉಪ್ಪುಖಾರದ ಪೊಟ್ಟಣ ಮನೆಯಿಂದಲೇ ತಂದಿದ್ದರು. ವಿಡಿಯೋದ ವಸಂತದಲ್ಲಿ ಜನ ಜಾಕೆಟ್ ಹಾಕಿಕೊಂಡು ಕೈ ಉಜ್ಜಿಕೊಳ್ಳುತ್ತಿರುತ್ತಾರೆ. ನಮ್ಮ ವಸಂತದಲ್ಲಿ ತಿಂಡಿ ಹೊತ್ತಿಗೆಲ್ಲ ಸೈಕಲ್ಲಿನ ಹ್ಯಾಂಡಲ್ಲು ಮುಟ್ಟಿದರೆ ಕೈ ಚುರ್ ಅನ್ನುತ್ತದೆ.

ಆ ದೇಶದಲ್ಲಿ ಸೈಕಲ್ಲಿನವರನ್ನು ಯಾರೂ ಏನೂ ಕೇಳುವುದಿಲ್ಲವಂತೆ. ಪಾಪ, ಎಷ್ಟು ಬೇಜಾರು. ಇಲ್ಲಿ ನಾವು ಒಂದು ಕಟ್ಟೆಯನ್ನೂ ಸುಮ್ಮನೆ ದಾಟಲಿಲ್ಲ. ಮೊದಮೊದಲು ಎಲ್ಲರೂ ಗಾಡಿ ಕೆಟ್ಟುಹೋಯಿತಾ ಅಂತ ಮರುಗುತ್ತಿದ್ದರು. ವಯಸ್ಸಾದ ಹೆಂಗಸರು ಸೈಕಲ್ ತುಳಿಯುತ್ತಿದ್ದಾರೆ ಅಂದರೆ ಸ್ಕೂಟರ್ ಎಲ್ಲೋ ಕೈ ಕೊಟ್ಟಿರಬೇಕು. ಗುಬ್ಬಿಯಲ್ಲಿ ಜಾಲಿಮುಳ್ಳು ಚುಚ್ಚಿ ನನ್ನ ಹಿಂದಿನ ಚಕ್ರ ಉಸ್ಸೆಂದಾಗ ಪಂಕ್ಚರ್ ಅಂಗಡಿಯಾತ ಇನ್ನೊಂದು ಪ್ರಶ್ನೆ ಕಲಿಸಿಕೊಟ್ಟ. ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದುತ್ತಾ, "ಯಾವ ಜಾಗೃತಿ ಮೇಡಂ?" ಅಂದ.

ಯಾವುದೂ ಇಲ್ಲ, ಸುಮ್ಮನೆ ಹೊರಟಿದ್ದೇವೆ ಅಂದೆ. ಅವನು ಟ್ಯೂಬು ಬಿಟ್ಟು ನನ್ನನ್ನೇ ನೋಡಿದ. ಸುಮ್ಮನೆ ಯಾರಾದರೂ ಈ ಬಿಸಿಲಲ್ಲಿ ಸೈಕಲ್ ತುಳಿಯುತ್ತಾರಾ ಅಂತ ಅವನ ವಾದ. ಬ್ಯಾನರ್ ಎಲ್ಲಿ, ಹಿಂದೆ ಜೀಪು ಬರುತ್ತಾ ಅಂತೆಲ್ಲ ವಿಚಾರಿಸಿದ. ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಪರಿಸರ ಜಾಗೃತಿ ಅಂದುಬಿಟ್ಟರು. ಅವನ ಮುಖದಲ್ಲಿ ಎಂಥ ನೆಮ್ಮದಿ! ಪ್ಯಾಚ್ ಹಾಕಿ ಎರಡು ಸಲ ಚೆಕ್ ಮಾಡಿ ಕೊಟ್ಟ.

ಅಲ್ಲಿಂದಾಚೆ ನಮಗೆ ಮದ ಏರಿತು. ಒಂದೂರಲ್ಲಿ ನೀರು ಉಳಿಸಿ ಅಂದೆವು, ಇನ್ನೊಂದೂರಲ್ಲಿ ಹೃದಯ ಉಳಿಸಿ. ಎಳನೀರು ಕೊಚ್ಚುವವನ ಹತ್ತಿರ ಅಕ್ಕ ಏನು ಹೇಳುವುದು ಅಂತ ಹೊಳೆಯದೆ ತೆಂಗು ಜಾಗೃತಿ ಅಂದರು. ಅವನು ತೆಂಗಿನ ನುಸಿರೋಗದ ಬಗ್ಗೆ ಒಂದು ಗಂಟೆ ನಮಗೇ ಜಾಗೃತಿ ಮೂಡಿಸಿದ.

ಹೆಸರು ಹೇಳದ ಊರು

ಗುಬ್ಬಿಯಿಂದ ಕುಣಿಗಲ್ ಕಡೆಗೆ ಒಳದಾರಿಯಲ್ಲಿರುವ ಈ ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಮಾನದ ಪ್ರಶ್ನೆ.

ಹೊತ್ತಿಳಿಯುವಾಗ ಅಲ್ಲಿಗೆ ಬಂದೆವು. ಊರಿಗೆ ಊರೇ ಮದುವೆಗೆ ಅಂತ ತಿಪಟೂರಿಗೆ ಹೋಗಿತ್ತು, ಇದ್ದಬದ್ದ ಕಾರು, ಆಟೋ, ಬೈಕು ಎಲ್ಲ ಅಲ್ಲಿಗೇ. ಉಳಿದವರು ಮುದುಕರು, ಮುದುಕಿಯರು ಮತ್ತು ಶಾಲೆಯ ಬಿಸಿಯೂಟ ಮಾಡುವ ಜಯಮ್ಮ. ಶಾಲೆಯ ಗೇಟಿನ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಅಂಗಳದಲ್ಲಿ ಒಂದು ಮರದ ಕೆಳಗೆ ಜಾಗ ಬೇಕು ಅಂದೆವು. ಯಾತಕ್ಕೆ ಬಂದಿದ್ದೀರಿ ಅಂತ ಕೇಳಿದಳು. ಅಕ್ಕ ವಿಡಿಯೋ ನೋಡಿ ಕಲಿತ ಪದವನ್ನು ಬಹಳ ಗತ್ತಿನಿಂದ ಉಪಯೋಗಿಸಿದರು. ಕ್ಯಾಂಪಿಂಗು ಅಂದರು.

"ಕ್ಯಾಂಪಾ? ಕಣ್ಣಿಗಾ?"

ದಿನವೆಲ್ಲ ಕಣ್ಣಿಗೆ ಹಬ್ಬ ಅಂತ ಹೇಳಿಕೊಂಡು ಬಂದ ಅಕ್ಕನಿಗೆ ಈ ಹಳ್ಳಿಯ ಹೆಂಗಸಿಗೆ ತನ್ನ ಮನಸ್ಸು ಹೀಗೆ ಅರ್ಥವಾಯಿತಲ್ಲ ಅಂತ ಆನಂದ. "ಕಣ್ಣಿಗೇ ಕಣಮ್ಮ, ಇನ್ಯಾತಕ್ಕೆ?" ಅಂದರು.

ಜಯಮ್ಮ ಗೇಟನ್ನು ಪೂರ್ತಿ ತೆಗೆದಳು. ಕೊಡದಲ್ಲಿ ನೀರು ತಂದಳು, ಚಾಪೆ ತಂದಳು, ಆಮೇಲೆ ಬಿಸಿ ಮುದ್ದೆ, ಉಪ್ಸಾರು ತಂದಳು. ಈ ಆತಿಥ್ಯ ಯಾವ ದೇಶದಲ್ಲಿ ಸಿಗುತ್ತದೆ ಅಂತ ನಾವು ಕಣ್ಣಲ್ಲಿ ನೀರು ತಂದುಕೊಂಡು ತಿಂದೆವು. ನೀರು ಖಾರಕ್ಕೂ ಇರಬಹುದು. ನಾಳೆ ಎಷ್ಟು ಹೊತ್ತಿಗೆ ಶುರು ಮಾಡುತ್ತೀರಿ ಅಂತ ಜಯಮ್ಮ ಕೇಳಿದಳು. ಬಿಸಿಲೇರುವ ಮುಂಚೆ ಅಂದೆ ನಾನು. ತಿಂಡಿ ತಿನ್ನಬಹುದಾ ಅಂತಲೂ ಕೇಳಿದಳು. ಬೆಳಿಗ್ಗೆ ಹೊಟ್ಟೆ ಬಿಗಿದರೆ ಸೈಕಲ್ ಏರಿಗೆ ಹತ್ತುವುದಿಲ್ಲ ಅನ್ನುವುದನ್ನು ಅನುಭವದಿಂದ ಕಂಡಿದ್ದ ಅಕ್ಕ, ಖಾಲಿ ಹೊಟ್ಟೆಯಲ್ಲಿದ್ದರೇ ಒಳ್ಳೆಯದು ಅಂದರು. ಜಯಮ್ಮ ತಲೆಯಾಡಿಸಿ ಹೋದಳು.

ಟೆಂಟು ಹಾಕಿದ ಕತೆ ಕೇಳಬೇಡಿ. ಕಡ್ಡಿ ಒಂದು ಮಿಕ್ಕಿತು. ಎಲ್ಲಿಯದು ಅಂತ ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ಹೊರಗೆ ಗುಜುಗುಜು ಕೇಳಿ ಎಚ್ಚರವಾಯಿತು. ಅಕ್ಕ ಆಗಲೇ ಎದ್ದು ಟೆಂಟಿನ ಮೂಲೆಯಲ್ಲಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು, ಆಗ ಮಾತಾಡಿಸುವಂತಿಲ್ಲ. ನಾನು ಜಿಪ್ಪು ಎಳೆದು ತಲೆ ಹೊರಗೆ ಹಾಕಿದೆ. ಟೆಂಟಿನ ಬಾಗಿಲಿಂದ ಶಾಲೆಯ ಗೇಟಿನವರೆಗೆ ಕ್ಯೂ. ಹೆಗಲ ಮೇಲೆ ಟವೆಲು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸು. ನಿಲ್ಲಲಾರದವರು ತಮ್ಮ ಜಾಗದಲ್ಲಿ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತಿದ್ದರು. ಜಯಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾ, ಯಾರಾದರೂ ಕಾಫಿ ಕುಡಿದು ಬಂದಿದ್ದೀರಾ ಅಂತ ಗದರುತ್ತಿದ್ದಳು.

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ಒಳಗೆ ಎಳೆದುಕೊಂಡು ಜಿಪ್ಪು ಹಾಕಿಬಿಡೋಣ ಅನ್ನಿಸಿತು. ನಮ್ಮ ಸೀಮೆಯಲ್ಲಿ ಕ್ಯಾಂಪು ಅಂದರೆ ಒಂದೇ ಅರ್ಥ, ಪೇಟೆಯಿಂದ ಡಾಕ್ಟರು ಬಂದು ಶಾಲೆಯಲ್ಲಿ ಕಣ್ಣು ನೋಡುವುದು. ಟೆಂಟಿನಲ್ಲಿ ಮಲಗುವುದಕ್ಕೆ ಯಾರಾದರೂ ಕ್ಯಾಂಪು ಅನ್ನುತ್ತಾರಾ?

ಅಷ್ಟರಲ್ಲಿ ಪೂಜೆ ಮುಗಿಸಿ ಅಕ್ಕ ಹೊಸ ವಿಭೂತಿ ಧರಿಸಿ ಹೊರಗೆ ಬಂದರು. ಕ್ಯೂ ಪೂರ್ತಿ ಎದ್ದು ಕೈ ಮುಗಿಯಿತು. ಅಕ್ಕ ಯಾಕೆ ಅಂತ ತಿಳಿಯದೆ ತಾವೂ ಕೈ ಮುಗಿದರು.

ನಾನೇ ಧೈರ್ಯ ಮಾಡಿ, ಇದು ಕಣ್ಣಿನ ಕ್ಯಾಂಪಲ್ಲ ಅಂತ ಹೇಳಿದೆ. ಮುಂದೆ ನಿಂತಿದ್ದ ತಾತ ನನ್ನನ್ನೂ ಟೆಂಟನ್ನೂ ನೋಡಿ, "ಹಂಗಾರೆ ಕಿವೀದಾ?" ಅಂದರು.

ಕಿವಿಯದೂ ಅಲ್ಲ, ಮಂಡಿಯದೂ ಅಲ್ಲ, ನಾವು ಬರೀ ಮಲಗಲು ಬಂದವರು ಅಂತ ಬಿಡಿಸಿ ಹೇಳಿದಾಗ ತಾತನಿಗೆ ನಮ್ಮ ಮೇಲೆ ಕರುಣೆ ಉಕ್ಕಿತು. ಮನೆಯಲ್ಲಿ ಜಾಗವಿಲ್ಲವಾ, ಗಂಡಂದಿರು ಹೊರಗೆ ಹಾಕಿದರಾ ಅಂತ ವಿಚಾರಿಸಿದರು. ಮೊದಲು ನಕ್ಕವಳು ಜಯಮ್ಮ. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಇಡೀ ಕ್ಯೂ ನಕ್ಕಿತು, ಹಲ್ಲಿದ್ದವರು ಇಲ್ಲದವರು ಎಲ್ಲ. ಅಕ್ಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡರು.

ನಗದವಳು ಒಬ್ಬಳೇ. ಜಗಲಿಯ ಕೊನೆಯಲ್ಲಿ ಕಂಬಕ್ಕೆ ಒರಗಿ, ಸೆರಗಿನ ಮುದ್ದೆಯನ್ನು ಬಲಗಣ್ಣಿಗೆ ಒತ್ತಿಕೊಂಡು ಕೂತಿದ್ದ ಮುದುಕಿ. ಸಣ್ಣಮ್ಮ ಅಂತ ಹೆಸರು. ಎಡಗಣ್ಣು ಮೊದಲೇ ಹೋಗಿತ್ತು. ಮಗ ಸೊಸೆ ಮದುವೆಗೆ ಹೋದ ಮೇಲೆ ಶುರುವಾದ ತಲೆನೋವು, ಎರಡು ಸಲ ವಾಂತಿ. ಅಕ್ಕ ಹೋಗಿ ಸೆರಗು ಸರಿಸಿ ನೋಡಿದರು. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು.

"ಬುಡು ಮಗ, ಪಿತ್ತ," ಅಂದಳು ಸಣ್ಣಮ್ಮ. "ಒಂದೀಟು ನಿಂಬೆಹಣ್ಣು ಕುಡುದ್ರೆ ಓಯ್ತದೆ."

ಅಕ್ಕ ಎದ್ದು ನನ್ನ ಹತ್ತಿರ ಬಂದಾಗ ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ನಮ್ಮಮ್ಮಂಗೂ ಹಿಂಗೇ ಆಗಿದ್ದು ಕಣೇ. ಪಿತ್ತ ಅಂತ ಪಾನಕ ಕೊಡ್ತಾ ಕೂತಿದ್ವಿ. ಕಣ್ಣೇ ಹೋಯ್ತು. ಹಿಂದಿನ್ ದಿನ ಬಂದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು."

ಬಸ್ಸು ಇದ್ದದ್ದು ಮಧ್ಯಾಹ್ನಕ್ಕೆ. ಹಾಲಿನ ಗಾಡಿ ಬಂದು ಹೋಗಿತ್ತು. ಆಂಬುಲೆನ್ಸ್ ಅಂದೆ. ಅದರಲ್ಲಿ ಹೋದರೆ ಊರಿನವರು ತಾನು ಸತ್ತೇ ಹೋದೆ ಅಂದುಕೊಳ್ಳುತ್ತಾರೆ, ತಿಪಟೂರಿನಲ್ಲಿ ಮದುವೆ ಕೆಡುತ್ತದೆ ಅಂತ ಸಣ್ಣಮ್ಮ ಕಂಬ ಹಿಡಿದುಕೊಂಡು ಕೂತಳು. ಅಕ್ಕ ಫೋನ್ ತೆಗೆದರು. ನಾನು ಅವರ ಕೈ ಹಿಡಿದುಕೊಂಡೆ. ಹುಲಿಯೂರುದುರ್ಗ ಇನ್ನೂ ದೂರವಿತ್ತು, ಡ್ಯಾನ್ಯೂಬ್ ಬ್ಯಾಗಿನ ಪಾಸ್‌ಪೋರ್ಟಿನಲ್ಲಿತ್ತು. ಬೇರೆ ಯಾರನ್ನಾದರೂ ಕರೆಯೋಣ ಅಕ್ಕ ಅಂದೆ. ಯಾರನ್ನು ಅಂತ ನನಗೂ ಗೊತ್ತಿರಲಿಲ್ಲ. ಅಕ್ಕ ಕೈ ಬಿಡಿಸಿಕೊಂಡು ಸ್ಪೀಕರ್ ಹಾಕಿದರು.

"ರೀ, ಕಾರ್ ತಗೊಂಡ್ ಬನ್ನಿ."

ಆ ಕಡೆಯಿಂದ ಭಾವ ನಕ್ಕ ನಗು ಶಾಲೆಯ ಗೋಡೆಗೆ ಬಡಿದು ವಾಪಸ್ ಬಂತು. "ಒಂದೇ ರಾತ್ರಿಗೆ! ಹಂಗಾರೆ ಫಾರಿನ್ ಕ್ಯಾನ್ಸಲ್ ತಾನೆ?"

"ಹೂಂ, ಕ್ಯಾನ್ಸಲ್. ಬೇಗ ಬನ್ನಿ."

ಫೋನ್ ಇಟ್ಟರು. ಅಜ್ಜಿಯ ವಿಷಯ ಹೇಳಬಾರದಿತ್ತೇ ಅಂತ ನಾನು ಅರಚಿಕೊಂಡೆ. ಅಕ್ಕ ಸಣ್ಣಮ್ಮನಿಗೆ ಕುಡಿಯಲು ನೀರು ಕೊಡುತ್ತಾ ಹೇಳಿದರು, "ಹೇಳಿದ್ರೆ ಯಾರು, ಏನು, ಅವ್ರ ಮಗ ಎಲ್ಲೋದ ಅಂತ ನೂರು ಕೇಳ್ತಾರೆ. ಸೋತೆ ಅಂದ್ರೆ ಖುಷಿಗೆ ಓಡಿ ಬರ್ತಾರೆ."

ಓಡಿಯೇ ಬಂದರು. ಅಷ್ಟು ಬೇಗ ಅಲ್ಲಿಗೆ ಹೇಗೆ ತಲುಪಿದರೋ ದೇವರಿಗೇ ಗೊತ್ತು. ಬಿಳೀ ಶರ್ಟು, ಕೈಯಲ್ಲಿ ನಮಗಾಗಿ ಟಿಫನ್ ಬಾಕ್ಸು, ಮುಖದಲ್ಲಿ ಗೆದ್ದ ಕಳೆ. ನನ್ನ ಮಾತನ್ನು ಪೂರ್ತಿ ನಂಬದೆ ಕೂತೇ ಇದ್ದ ಕೆಲವರು, ದೊಡ್ಡ ಡಾಕ್ಟ್ರು ಈಗ ಬಂದರು ಅಂತ ಮತ್ತೆ ಸಾಲಾಗಿ ನಿಂತರು. ಭಾವ ಏನಾಗುತ್ತಿದೆ ಅಂತ ಕೇಳುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಸಣ್ಣಮ್ಮ, ಪಕ್ಕದಲ್ಲಿ ಜಯಮ್ಮ ಕೂತಾಗಿತ್ತು. ಅಕ್ಕ ಭಾವನಿಗೆ ತುಮಕೂರಿನ ಕಣ್ಣಾಸ್ಪತ್ರೆಗೆ ನೇರ ಹೋಗಿ, ಎಲ್ಲೂ ನಿಲ್ಲಿಸಬೇಡಿ ಅಂದರು. ಭಾವ ಸಣ್ಣಮ್ಮನ ಕಣ್ಣು ನೋಡಿದರು, ಸ್ಟೇರಿಂಗ್ ಹಿಡಿದರು. ಆಮೇಲೆ ನೆನಪಾಗಿ, ನೀವು ಹತ್ತಲ್ವಾ ಅಂದರು.

"ನಾವು ಕುಣಿಗಲ್ಲಿಗೆ," ಅಂದರು ಅಕ್ಕ, ಟಿಫನ್ ಬಾಕ್ಸು ಇಸಿದುಕೊಂಡು.

ಕುಣಿಗಲ್

ಆವತ್ತು ದಾರಿಯಲ್ಲಿ ನನಗೆ ಅಳು ಬಂತು. ಅಕ್ಕನಿಗೆ ಬರಲಿಲ್ಲ. ಒಂದು ಇಳಿಜಾರಿನಲ್ಲಿ ಬ್ರೇಕು ಬಿಟ್ಟು, "ಕಿವೀದಾ?" ಅಂತ ಜೋರಾಗಿ ಕೂಗಿದರು. ಅಷ್ಟೇ, ಇಬ್ಬರಿಗೂ ನಗು ಹಿಡಿದು ನಾನು ಬೇಲಿಗೆ ಹೋಗಿ ಗುದ್ದಿದೆ. ಸೋತವರಿಗೆ ಇಷ್ಟು ಹಗುರ ಅನ್ನಿಸಬಾರದು, ಆದರೆ ಅನ್ನಿಸಿತು. ಕಾಲು ತಾನಾಗಿ ತಿರುಗುತ್ತಿತ್ತು.

ಕುಣಿಗಲ್ ಕೆರೆಯ ಹತ್ತಿರ ಒಂದು ತೆಂಗಿನ ತೋಟದಲ್ಲಿ ಕೇಳಿಕೊಂಡು ಟೆಂಟು ಹಾಕಿದೆವು. ಈ ಸಲ ಎರಡು ಕಡ್ಡಿ ಮಿಕ್ಕಿತು. ಕೆರೆಯ ಮೇಲಿಂದ ಗಾಳಿ ಎದ್ದು ಟೆಂಟು ಹಾರಿಕೊಂಡು ಹೊರಟಾಗ ಎಮ್ಮೆ ಮೇಯಿಸುತ್ತಿದ್ದ ಹೆಂಗಸು ಅಡ್ಡ ಹಾಕಿ ಹಿಡಿದಳು. ಎಮ್ಮೆಗಳು ಮಾತ್ರ ಅದನ್ನು ಬಹಳ ದಿನ ಮರೆಯುವುದಿಲ್ಲ. ಯಾತಕ್ಕೆ ಬಂದಿದ್ದೀರಿ ಅಂತ ಅವಳೂ ಕೇಳಿದಳು. ನಾವಿಬ್ಬರೂ ಒಟ್ಟಿಗೆ, ಮಲಗಲು ಅಂದೆವು. ಕ್ಯಾಂಪು ಅನ್ನುವ ಪದವನ್ನು ಗುಬ್ಬಿ ತಾಲ್ಲೂಕಿನಲ್ಲೇ ಬಿಟ್ಟು ಬಂದಿದ್ದೆವು.

ಸಂಜೆ ಭಾವನ ಫೋನು. ಸರಿಯಾದ ಹೊತ್ತಿಗೆ ತಂದಿದ್ದೀರಿ ಅಂದರಂತೆ ಡಾಕ್ಟರು. ಕಣ್ಣಿನೊಳಗೆ ಒತ್ತಡ ಏರಿತ್ತು, ಇಳಿಸಿದ್ದಾರೆ, ನಾಳೆ ಆಪರೇಷನ್ನು, ಕಣ್ಣು ಉಳಿಯುತ್ತದೆ. ಅಷ್ಟು ಹೇಳಿ ಭಾವ, ಬಾಕ್ಸಿನ ಉಪ್ಪಿಟ್ಟು ತಿಂದಿರಾ ಅಂತ ಕೇಳಿದರು.

ಅಕ್ಕ ಫೋನ್ ಇಟ್ಟು ಕೆರೆಯ ಕಡೆ ತಿರುಗಿ ಕೂತು ಆಗ ಅತ್ತರು. ಅಮ್ಮನ ನೆನಪು ಅಂದರು. ನಾನು ಪಕ್ಕದಲ್ಲಿ ಕೂತುಕೊಂಡೆ.

ಹುಲಿಯೂರುದುರ್ಗ

ಇನ್ನು ಯಾವ ಷರತ್ತೂ ಉಳಿದಿರಲಿಲ್ಲ, ಆದ್ದರಿಂದ ಹುಲಿಯೂರುದುರ್ಗಕ್ಕೆ ಹೋಗುವ ಕಾರಣವೂ ಇರಲಿಲ್ಲ. ಹೋದೆವು. ಊರಿನಲ್ಲಿ ಒಂದು ಅಂಗಡಿಯ ಮುಂದೆ ಸೈಕಲ್ ಬಿಟ್ಟು ಬೆಟ್ಟ ಹತ್ತಿದೆವು. ಬಂಡೆ ಕಾದ ಹೆಂಚಾಗಿತ್ತು, ನಾನು ಅರ್ಧ ದಾರಿಯನ್ನು ಕೈಕಾಲು ನಾಲ್ಕರಲ್ಲೂ ಹತ್ತಿದೆ. ಕೋಟೆಯ ಗೋಡೆ ದಾಟಿ ಮೇಲೆ ನಿಂತರೆ ಕೆಳಗೆ ತೆಂಗು, ರಾಗಿ ಹೊಲದ ಕೂಳೆ, ಅಲ್ಲಲ್ಲಿ ನೀರು. ಅಕ್ಕ ಎರಡೂ ಕೈ ಬಾಯಿಗೆ ಹಿಡಿದು "ಓಯ್" ಅಂತ ಕೂಗಿದರು. ಯಾರನ್ನು ಕರೆಯುತ್ತೀರಿ ಅಕ್ಕ ಅಂದರೆ, ಯಾರನ್ನೂ ಇಲ್ಲ, ಗಂಟಲು ಇದೆಯಲ್ಲ ಅದಕ್ಕೆ ಅಂದರು.

ಅಲ್ಲಿಗೆ ಬಂದಿದ್ದ ಒಂದು ಸಂಸಾರ ನಮ್ಮ ಹೆಲ್ಮೆಟ್ಟು ನೋಡಿ ಫೋಟೋ ತೆಗೆಸಿಕೊಂಡಿತು. ಆ ಮನೆಯ ಯಜಮಾನರು ನಿರೀಕ್ಷೆಯಂತೆ ಯಾವ ಜಾಗೃತಿ ಅಂತ ವಿಚಾರಿಸಿದರು. ನಾನು ಬಾಯಿ ತೆಗೆಯುವ ಮುಂಚೆ ಅಕ್ಕ, "ಏನೂ ಇಲ್ಲ. ಸುಮ್ನೆ ಬಂದಿದೀವಿ" ಅಂದರು. ಅವರಿಗೆ ನಂಬಿಕೆ ಬರಲಿಲ್ಲ. ಅಕ್ಕ ವಿವರಿಸುವ ಗೋಜಿಗೂ ಹೋಗಲಿಲ್ಲ.

ಗೂಳೂರು ದಾಟಿ

ವಾಪಸ್ ಬರುವಾಗ ಗೂಳೂರಿನಲ್ಲಿ ಮುಖ ತೊಳೆದುಕೊಂಡು ನೇರ ಆಸ್ಪತ್ರೆಗೆ ಹೋದೆವು. ವಾರ್ಡಿನಲ್ಲಿ ಸಣ್ಣಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸಾಮ್ರಾಜ್ಞಿಯಂತೆ ಕೂತಿದ್ದಳು. ಮದುವೆಯಿಂದ ಓಡಿ ಬಂದ ಮಗ ಒಂದು ಪಕ್ಕ, ನಮ್ಮ ಭಾವ ಇನ್ನೊಂದು ಪಕ್ಕ. ಅಂಗಡಿ ಬಿಟ್ಟು ಭಾವ ಹೀಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಕ್ಕನ ದನಿ ಕೇಳಿದ್ದೇ ಸಣ್ಣಮ್ಮ ಪಕ್ಕದ ಮಂಚದವಳಿಗೆ, ನಮ್ಮ ಡಾಕ್ಟ್ರಮ್ಮ ಬಂದ್ರು ನೋಡು ಅಂದಳು. ಅವಳಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ಭಾವ ತಿಳಿಹೇಳಿದ್ದರಂತೆ, ಪ್ರಯೋಜನವಾಗಿಲ್ಲ. ಬ್ಲೌಸ್ ಹೊಲಿಯುವವರಿಗೆ ಕಣ್ಣಿನ ವಿಷಯ ಹೇಗೆ ಗೊತ್ತಾಗುತ್ತದೆ ಅಂತ ಅವಳ ಪಾಯಿಂಟು.

ಭಾವ ನಮ್ಮನ್ನು ಹೊರಗೆ ಕಾರಿಡಾರಿಗೆ ಕರೆದರು. ಅಕ್ಕ ಹೆಲ್ಮೆಟ್ಟು ತೆಗೆದರು. ಕೂದಲು ನಾಲ್ಕು ದಿಕ್ಕಿಗೆ ನಿಂತಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು, ವಿಭೂತಿ ಬೆವರಿನಲ್ಲಿ ಹುಬ್ಬಿಗೆ ಇಳಿದಿತ್ತು. ಭಾವ ಗೋಡೆ ನೋಡುತ್ತಾ ಮಾತಾಡಿದರು. ಅವರು ಆಡಿದ ಮಾತನ್ನು ಕೀಳುವುದನ್ನು ನಾನು ಕೇಳಿದ್ದು ಅದೇ ಮೊದಲು.

"ನೀನು ಕಾರ್ ಕರೆದಿದ್ದು ನಿನಗೋಸ್ಕರ ಅಲ್ವಲ್ಲ ಮಂಗಳ. ಆ ಷರತ್ತು ಲೆಕ್ಕಕ್ಕಿಲ್ಲ. ಫಾರಿನ್ನಿಗೆ ಕಳಿಸ್ತೀನಿ, ಹೋಗ್ಬನ್ನಿ."

ನಾನು ಅಲ್ಲೇ ಕುಣಿಯುವುದರಲ್ಲಿದ್ದೆ. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಬೇಡ ರೀ. ನೀವು ಆಡಿದ್ದು ಆಡ್ದಂಗೇ ಇರ್ಲಿ, ನಾನು ಸೋತಿದ್ದು ಸೋತಂಗೇ ಇರ್ಲಿ. ನೀವು ಕಳಿಸ್ಬೇಡಿ." ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡು ಅಷ್ಟೇ ಮೆತ್ತಗೆ ಹೇಳಿದರು, "ನಾನು ಹೋಗ್ತೀನಿ."

ಭಾವ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ಕೊನೆಗೆ ಭಾವ, ಸೈಕಲ್ಲುಗಳನ್ನು ಕಾರಿನ ಮೇಲೆ ಕಟ್ಟಲಾ ಅಂತ ಕೇಳಿದರು. ಬೇಡ, ಮನೆ ಇಲ್ಲೇ ಅಲ್ಲವಾ ಅಂದರು ಅಕ್ಕ.

ಸಂಜೆಯ ಟ್ರಾಫಿಕ್ಕು. ಅಕ್ಕ ಮುಂದೆ, ನಾನು ಅವರ ಹಿಂದೆ. ಸದಾಶಿವನಗರದವರೆಗೂ ಭಾವನ ಕಾರು ಎತ್ತಿನ ಗಾಡಿಯ ವೇಗದಲ್ಲಿ ನಮ್ಮ ಹಿಂದೆಯೇ ಬಂತು. ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ.